ಗಂಟಲೊಳಗಿನ ಇರುವೆಗಳು

ನನಗೊಂದು ಕೆಟ್ಟ ಚಟವಿದೆ. ಯಾರ ಮನೆಗೆ ಊಟಕ್ಕೆ ಹೋದರೂ ನನ್ನ ಕಣ್ಣು ನನ್ನ ತಾಟಿನ ಮೇಲಿರುವುದಿಲ್ಲ, ಪಂಕ್ತಿಯಲ್ಲಿ ಕೂತ ಮಕ್ಕಳ ಬಾಯಿಯ ಮೇಲಿರುತ್ತದೆ. ಯಾವುದಾದರೊಂದು ಕೂಸು ಗಂಟಲು ಕೆರೆದುಕೊಂಡರೆ, ತುಟಿ ತಿಕ್ಕಿಕೊಂಡರೆ ಮುಗಿಯಿತು, ಅದರ ತಾಯಿಯನ್ನು ಹಿಡಿದುಕೊಂಡು ವಿಚಾರಣೆ ಶುರು ಮಾಡುತ್ತೇನೆ. ಏನು ತಿಂತು, ಯಾವಾಗ ತಿಂತು, ಮೊದಲೂ ಹೀಗಾಗಿತ್ತೇ? ಹುನಗುಂದದಲ್ಲಿ ಇಷ್ಟು ವರ್ಷ ಅಂಗನವಾಡಿ ನಡೆಸಿದ ಅಭ್ಯಾಸ ಅದು ಎಂದು ಜನ ತಿಳಿದಿದ್ದಾರೆ. ನನ್ನ ಗಂಡನಿಗಂತೂ ಇದು ನಗೆಯ ವಿಷಯ.

"ಬಂದ್ಲು ನೋಡ್ರಿ ಫೌಜದಾರ್ತಿ! ಇನ್ನ ಹೋಳಿಗಿ ತಣ್ಣಗಾದ್ಹಂಗ."

ನಗಲಿ, ನನಗೇನು. ಈ ಚಟ ಹತ್ತಿದ್ದು ಅಂಗನವಾಡಿಯಲ್ಲಲ್ಲ, ನಾನು ಹುಟ್ಟಿದ ಮನೆಯಲ್ಲಿ. ಬೇವೂರಿನ ಕಡೆಯಿಂದ ಕಮತಗಿಗೆ ಹೋಗುವ ಹಾದಿಯ ಮೇಲಿನ ಒಂದು ಸಣ್ಣ ಊರಿನಲ್ಲಿತ್ತು ಆ ಮನೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಬಾಗಿಲು ದಾಟಿದರೆ ಎಡಕ್ಕೆ ಎತ್ತುಗಳ ಗ್ವಾದಲಿ, ಬಲಕ್ಕೆ ಪಡಸಾಲೆ, ಮೂರು ಮೆಟ್ಟಿಲು ಹತ್ತಿದರೆ ಅಡುಗೆಯ ಅಂಕಣ. ಅಲ್ಲಿಗೆ ಬೆಳಕು ಬರುತ್ತಿದ್ದದ್ದು ಮಾಳಿಗೆಯ ಬೆಳಕಿಂಡಿಯಿಂದ ಮಾತ್ರ. ಮಧ್ಯಾಹ್ನದ ಹೊತ್ತಿಗೆ ಆ ಬಿಸಿಲು ನೆಲದಲ್ಲಿ ಹುಗಿದ ಒರಳಿನ ಮೇಲೆಯೇ ಬೀಳುತ್ತಿತ್ತು, ಒರಳಿನ ಬದಿಗೆ ನಮ್ಮ ಆಯಿ ಕೂತಿರುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಅವಳು ಕುಟ್ಟುತ್ತಿದ್ದ ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ, ನಾಲ್ಕೂರಿಗೆ ಹೆಸರಾಗಿತ್ತು. ಹುರಿದ ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಇಷ್ಟೇ. ಆದರೂ ಅವ್ವ ಕುಟ್ಟಿದರೆ ಆ ರುಚಿ ಬರುತ್ತಿರಲಿಲ್ಲ, ಅದನ್ನು ಆಯಿ ಅವ್ವನಿಗೆ ವಾರಕ್ಕೊಮ್ಮೆಯಾದರೂ ನೆನಪು ಮಾಡಿಕೊಡುತ್ತಿದ್ದಳು. ನಮ್ಮ ಕಡೆಯ ಅಡುಗೆಯಲ್ಲಿ ಶೇಂಗಾ ಎಲ್ಲಿದೆ ಎಂದು ಕೇಳಬಾರದು, ಎಲ್ಲಿಲ್ಲ ಎಂದು ಹುಡುಕಬೇಕು. ರೊಟ್ಟಿಗೆ ಹಿಂಡಿ, ಬದನೆಕಾಯಿಯ ಹೊಟ್ಟೆಯೊಳಗೆ ಪುಡಿ, ಹಬ್ಬಕ್ಕೆ ಹೋಳಿಗೆ, ಪಂಚಮಿಗೆ ಉಂಡಿ.

ನಾವು ಬೀರಪ್ಪನ ಒಕ್ಕಲು. ಅಪ್ಪನಿಗೆ ಹೊಲವೂ ಇತ್ತು, ನಲವತ್ತು ಕುರಿಗಳೂ ಇದ್ದವು. ಪಡಸಾಲೆಯ ಗೂಟಕ್ಕೆ ಒಂದು ಕರಿ ಕಂಬಳಿ ಸದಾ ತೂಗುತ್ತಿತ್ತು. ದೇವರ ಪೂಜೆಗೆ ಹಾಸುವ ಕಂಬಳಿ ಬೇರೆ, ಅದನ್ನು ನಾವು ಮುಟ್ಟುವಂತಿರಲಿಲ್ಲ. ಗೂಟದ ಕಂಬಳಿ ಮಾತ್ರ ಮನೆಯ ದವಾಖಾನೆ. ಚಳಿಜ್ವರಕ್ಕೆ ಅದನ್ನೇ ಹೊದಿಸುವುದು, ಸೊಂಟ ಹಿಡಿದರೆ ಅದರ ಮೇಲೆಯೇ ಮಲಗಿಸುವುದು, ಮೈಮೇಲೆ ಪಿತ್ತದ ಗಂದೆ ಎದ್ದರೆ ಅದರಿಂದಲೇ ತಿಕ್ಕಿ, ಅದರಲ್ಲೇ ಸುತ್ತಿ ಮಲಗಿಸುವುದು. ಹಣೆಗೆ ಬೀರಪ್ಪನ ಭಂಡಾರ, ಅಂದರೆ ಅರಿಸಿನ, ಹಚ್ಚಿದರೆ ಚಿಕಿತ್ಸೆ ಪೂರ್ತಿಯಾಗುತ್ತಿತ್ತು. ಗಂದೆ ಒಂದೆರಡು ತಾಸಿನಲ್ಲಿ ಇಳಿಯುತ್ತಿದ್ದವು, ಕೀರ್ತಿ ಕಂಬಳಿಗೆ ಹೋಗುತ್ತಿತ್ತು. ನಾಗರಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವಾಗಲೂ ಆಯಿಯದೇ ಮುಂದಾಳುತನ. ಒಣಕೊಬ್ಬರಿ ಬಟ್ಟಲಿನಿಂದ ಒಂದೊಂದೇ ಹನಿ ಹಾಕುತ್ತ, ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು ಎಂದು ಮನೆಮಂದಿಯ ಹೆಸರನ್ನೆಲ್ಲ ಹೇಳಿ, ಕೊನೆಗೆ ದನಿ ಇಳಿಸಿ "ಗಂಗವ್ವನ ಪಾಲು" ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಅದು ಗಂಗಾಮಾತೆಗೆ ಸಲ್ಲುವ ಪಾಲು ಎಂದು ನಾನು ತಿಳಿದಿದ್ದೆ.

ನನ್ನ ತಂಗಿ ಮಾಳವ್ವ ನನಗಿಂತ ಐದು ವರ್ಷ ಸಣ್ಣವಳು. ಬೆಳ್ಳಗೆ, ಗುಂಡಗೆ, ಎಲ್ಲರ ಮುದ್ದಿನ ಮಾಳಿ. ಅವಳಿಗೆ ಶೇಂಗಾ ಸೇರುತ್ತಿರಲಿಲ್ಲ. ಹಿಂಡಿ ಹಚ್ಚಿದ ರೊಟ್ಟಿಯ ಒಂದು ತುತ್ತು ಬಾಯಿಗಿಟ್ಟರೆ ನಾಲಿಗೆ ಹೊರಚಾಚಿ ಕೈಯಿಂದ ತಿಕ್ಕುತ್ತಿದ್ದಳು.

"ಯವ್ವಾ, ಗಂಟಲಾಗ ಇರಿವಿ ಹರದಾಡ್ತಾವ!"

"ಹರದಾಡ್ಲಿ. ನಿಮ್ಮಪ್ಪಗ ಹೇಳಿ ಸಕ್ರಿ ಹಾಕಸ್ತೇನಿ ಅವಕ್ಕ," ಎನ್ನುತ್ತಿದ್ದಳು ಆಯಿ. "ಉಣ್ಣಾಕ ನಖರಾ ಮಾಡ್ತಿ? ಊಟ ಬಲ್ಲವನಿಗೆ ರೋಗಿಲ್ಲ, ಮಾತು ಬಲ್ಲವನಿಗೆ ಜಗಳಿಲ್ಲ. ತಿನ್ನು ಸುಮ್ಮನ."

ಈ ಗಾದೆಯ ಎರಡೂ ಅರ್ಧಗಳು ನಮ್ಮ ಮನೆಯಲ್ಲಿ ಸುಳ್ಳಾದವು, ಅದು ಬೇರೆ ಮಾತು. ಒಂದೆರಡು ಸಲ ಹೀಗೆ ತಿನ್ನಿಸಿದಾಗ ಮಾಳಿಯ ತುಟಿ ದಪ್ಪಗಾಗಿ, ಕುತ್ತಿಗೆಯ ಸುತ್ತ ಗಂದೆ ಎದ್ದದ್ದುಂಟು. ಪಿತ್ತ ಎಂದು ಕಂಬಳಿ ಇಳಿಯಿತು, ತಿಕ್ಕಿದರು, ಸುತ್ತಿದರು, ಇಳಿಯಿತು. ತಿಂದದ್ದಕ್ಕೂ ಗಂದೆಗೂ ಯಾರೂ ಗಂಟು ಹಾಕಿ ನೋಡಲಿಲ್ಲ. ಆದರೆ ರಗಳೆ ಬೇಡವೆಂದು ಅವ್ವ ಅವಳಿಗೆ ಬೇರೆ ಅಗಸಿ ಹಿಂಡಿ ಮಾಡತೊಡಗಿದಳು, ಅದರ ಮೇಲೆ ಒಂದು ಚಮಚ ತುಪ್ಪ. ಆ ತುಪ್ಪ ನನ್ನ ಹೊಟ್ಟೆ ಉರಿಸಿತು. ನನಗೂ ತುಪ್ಪ ಬೇಕು ಎಂದರೆ "ನೀ ದೊಡ್ಡಾಕಿ" ಎಂಬ ಉತ್ತರ. ಐದು ವರ್ಷದ ಹುಡುಗಿ ಇರುವೆಯ ಕತೆ ಕಟ್ಟಿ ತುಪ್ಪ ಹೊಡೆಯುತ್ತಾಳೆ, ಹತ್ತು ವರ್ಷದವಳಿಗೆ ಅಷ್ಟೂ ಬುದ್ಧಿಯಿಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಇವಳ ನಖರಾ ಒಂದು ದಿನ ಬಯಲು ಮಾಡಬೇಕು ಎಂದು ಮನಸ್ಸಿನಲ್ಲೇ ಹಲ್ಲು ಕಡಿದುಕೊಂಡಿದ್ದೆ.

ಆ ದಿನ ಪಂಚಮಿಗೇ ಬಂತು. ಹಿಂದಿನ ಮಧ್ಯಾಹ್ನದಿಂದ ಅಡುಗೆ ಅಂಕಣದಲ್ಲಿ ಉಂಡಿಗಳ ಸಂಭ್ರಮ. ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಹಿಟ್ಟಿನ ಉಂಡಿ. ಪುಟಾಣಿ ಎಂದರೆ ಹುರಿಗಡಲೆ, ಅದೊಂದು ಮಾಳವ್ವನಿಗೆ ಪ್ರಾಣ. ಬೆಲ್ಲದ ಪಾಕದ ವಾಸನೆ ಗ್ವಾದಲಿಯವರೆಗೆ ಹೋಗಿ ಎತ್ತುಗಳೂ ಮೂಗು ಎತ್ತುತ್ತಿದ್ದವು. ಅವ್ವ, ಆಯಿ ಕಟ್ಟಿದ ಉಂಡಿಗಳನ್ನು ನಾನು ಎಣಿಸಿ ಬುಟ್ಟಿಗಿಡಬೇಕು. ನಾಗಪ್ಪನಿಗೆ ಹಾಲೆರೆಯುವ ತನಕ ಒಂದನ್ನೂ ಬಾಯಿಗೆ ಹಾಕುವಂತಿಲ್ಲ, ಹಾಕಿದರೆ ಅವನು ಸಿಟ್ಟಾಗುತ್ತಾನೆ ಎಂದು ಆಯಿ ಹತ್ತು ಸಲ ಹೇಳಿದ್ದಳು. ಅವರಿಬ್ಬರೂ ನೀರಿಗೆ ಹೋದಾಗ ನಾನು ಒಂದು ಪುಟಾಣಿ ಉಂಡಿಯನ್ನು ಒಡೆದು, ಅದರ ಹೊಟ್ಟೆಗೆ ಒಂದು ದೊಡ್ಡ ಚಮಚ ಶೇಂಗಾ ಪುಡಿ ತುಂಬಿ, ಮತ್ತೆ ತುಪ್ಪದ ಕೈಯಲ್ಲಿ ಗುಂಡಗೆ ಕಟ್ಟಿದೆ. ಗುರುತಿಗೆ ಮೇಲೊಂದು ಒಣದ್ರಾಕ್ಷಿ ಒತ್ತಿದೆ. ಬೇಕೆಂದೇ ಮಾಡಿದ್ದು. ಇಷ್ಟು ವರ್ಷಗಳಾದ ಮೇಲೆ ಅದನ್ನು ಸುತ್ತುಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಮರುದಿನ ಬೇವಿನ ಮರಕ್ಕೆ ಅಪ್ಪ ಜೋಕಾಲಿ ಕಟ್ಟಿದ್ದ. ಹೆಣ್ಣುಮಕ್ಕಳೆಲ್ಲ ಆಯಿಯ ಹಿಂದೆ ಹುತ್ತದ ಕಡೆ ಹೊರಡುವ ತಯಾರಿಯಲ್ಲಿದ್ದರು. ನಾನು ಮಾಳಿಯನ್ನು ಮರದ ಹಿಂದೆ ಕರೆದುಕೊಂಡು ಹೋಗಿ ಆ ಉಂಡಿ ಕೊಟ್ಟೆ. ದ್ರಾಕ್ಷಿ ಕಂಡು ಅವಳ ಕಣ್ಣು ಅರಳಿದವು.

"ಪೂರಾ ತಿಂದ್ರ ಮೊದಲ ನಿನ್ನ ಜೀಕಸ್ತೇನಿ," ಎಂದೆ.

ಅವಳು ಬಾಯಿಗಿಟ್ಟು ನನ್ನ ಮುಖ ನೋಡಿದಳು. ಒಂದು ಗಳಿಗೆ ಅಗಿಯುವುದನ್ನು ನಿಲ್ಲಿಸಿದಳು, ಆಮೇಲೆ ನುಂಗಿದಳು. ಉಳಿದದ್ದನ್ನೂ ತಿಂದಳು. ನಾನು ಒಳಗೊಳಗೇ ಕುಣಿದಾಡಿಬಿಟ್ಟೆ. ಎಲ್ಲಿ ಹೋದವು ಇರುವೆ! ಮಾತಿನಂತೆ ಅವಳನ್ನು ಜೋಕಾಲಿಯಲ್ಲಿ ಕೂರಿಸಿ ಜೀಕಿದೆ. ಹತ್ತು ಸಲ ಜೀಕಿರಬೇಕು. ಅವಳ ನಗು ನಿಂತು ಕೆಮ್ಮು ಶುರುವಾಯಿತು. "ಅಕ್ಕಾ, ಇಳಸು," ಎಂದಳು. ಆ ದನಿ ಅವಳದಾಗಿರಲಿಲ್ಲ, ಗೊಗ್ಗರಾಗಿತ್ತು. ಇಳಿಸಿದರೆ ತುಟಿ ಎರಡೂ ಊದಿ ಹೊರಗೆ ಬಂದಿದ್ದವು, ಕಣ್ಣು ಸೀಳಿನಷ್ಟಾಗಿದ್ದವು, ತೋಳ ತುಂಬ ಗಂದೆ. ಹೊಟ್ಟೆ ಹಿಡಿದುಕೊಂಡು ಅಲ್ಲೇ ಕಾರಿಕೊಂಡಳು. ನಾನು ಆಯಿಯನ್ನು ಕೂಗಿದೆ.

ಆಯಿ ಓಡಿ ಬಂದಳು. ಎತ್ತಿಕೊಂಡು ಪಡಸಾಲೆಗೆ ಹೋಗಿ ಗೂಟದ ಕಂಬಳಿ ಇಳಿಸಿದಳು. ತಿಕ್ಕಿದರು, ಸುತ್ತಿದರು, ಭಂಡಾರ ಹಚ್ಚಿದರು, ಬೆಲ್ಲದ ನೀರು ಕುಡಿಸಲು ಹೋದರು. ನೀರು ಮೂಗಿನಿಂದ ಹೊರಗೆ ಬಂತು. ಅವ್ವ ತನ್ನ ಇಳಕಲ್ ಸೀರೆಯ ಕೆಂಪು ಸೆರಗಿನಿಂದ ಅದನ್ನು ಒರೆಸುತ್ತ ಅಳುತ್ತಿದ್ದಳು. ಕಂಬಳಿಯೊಳಗೆ ಮಾಳಿಯ ಮೈಯೆಲ್ಲ ಮುಚ್ಚಿಹೋಗಿತ್ತು, ಮೂಗಿನ ತುದಿ ಮಾತ್ರ ಕಾಣುತ್ತಿತ್ತು. ಒಳಗೆ ಏನಾಗುತ್ತಿದೆ ಎಂದು ಯಾರಿಗೂ ಕಾಣುತ್ತಿರಲಿಲ್ಲ. ಉಸಿರು ಎಳೆಯುವಾಗ ಸಿಳ್ಳೆಯ ಸದ್ದು ನನ್ನ ಕಿವಿಗೆ ಬೀಳುತ್ತಿತ್ತು.

"ಹಾಲೆರಿಯೂಕಿಂತ ಮೊದಲ ಏನರ ತಿಂದೈತೇನ ಈ ಕೂಸು?" ಆಯಿ ಕೇಳಿದಳು. "ನಾಗಪ್ಪ ಮುಟ್ಟ್ಯಾನ ಹಂಗಾರ. ಲಗಮಿ, ನೀ ಕೂಡೆ ಇದ್ದೆಲ್ಲ, ಏನ ತಿಂತು?"

"ಒಂದ ಪುಟಾಣಿ ಉಂಡಿ," ಎಂದೆ. ಅಷ್ಟೇ ಹೇಳಿದೆ. ಶೇಂಗಾ ಎಂಬ ಮಾತು ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ಹೊಡೆತದ ಹೆದರಿಕೆ ಒಂದು, ನಾಗಪ್ಪನ ಹೆದರಿಕೆ ಇನ್ನೊಂದು.

ಅಪ್ಪ ಹೊಲದಿಂದ ಬಂದವನು ಕಂಬಳಿ ಬಿಚ್ಚಿ ನೋಡಿದ. ಮಾಳಿಯ ತುಟಿ ನೀಲಿಗಟ್ಟಿತ್ತು, ಕುತ್ತಿಗೆ ನಿಲ್ಲುತ್ತಿರಲಿಲ್ಲ. ಅವಳನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆಗೆ ಓಡಿದ. ಊರಿನವರ ಟ್ರ್ಯಾಕ್ಟರ್ ಒಂದು ಕಮತಗಿಗೆ ಹೊರಟಿತ್ತು. ನಾನು ಯಾರೂ ಕರೆಯದೇ ಟ್ರ್ಯಾಕ್ಟರಿನ ಹಿಂದಿನ ಡಬ್ಬಿ ಹತ್ತಿ, ಅವ್ವ ಮತ್ತು ಕಂಬಳಿ ಹಿಡಿದ ಆಯಿಯ ಪಕ್ಕ ಕೂತೆ. ಆ ದಾರಿಯಲ್ಲಿ ಎಷ್ಟು ತಗ್ಗುಗಳಿದ್ದವು ಎಂದು ಇವತ್ತಿಗೂ ಹೇಳಬಲ್ಲೆ. ಪ್ರತಿ ತಗ್ಗಿಗೂ ಮಾಳಿಯ ಕೈ ಗೊಂಬೆಯ ಕೈಯಂತೆ ಅಲ್ಲಾಡುತ್ತಿತ್ತು.

ಕಮತಗಿಯ ಡಾಕ್ಟರು ವಯಸ್ಸಾದವರು, ಹಬ್ಬದ ಊಟಕ್ಕೆ ಕೂತವರು ಎಂಜಲ ಕೈ ತೊಳೆದುಕೊಂಡು ಬಂದರು. ಅಷ್ಟರಲ್ಲಿ ಅಂಗಳದಲ್ಲಿದ್ದವರೆಲ್ಲ "ಹಾವು, ಹಾವು" ಎಂದು ಗುಂಪುಗೂಡಿದ್ದರು. ಪಂಚಮಿಯ ದಿನ ನೀಲಿಯಾದ ಕೂಸು ಬಂದರೆ ನಮ್ಮ ಕಡೆ ಮತ್ತೇನು ಹೇಳುತ್ತಾರೆ? ಒಬ್ಬ ಹೆಂಗಸು ಮಾಳಿಯ ಕಾಲು ಹಿಡಿದುಕೊಂಡು ಹಲ್ಲಿನ ಗುರುತು ಹುಡುಕುತ್ತಿದ್ದಳು. ಆಯಿ "ಮೀಸಲಾಗೂಕಿಂತ ಮೊದಲ ಉಂಡಿ ಮುಟ್ಟ್ಯಾಳ್ರಿ, ನಾಗಪ್ಪ ಸಿಟ್ಟಾಗ್ಯಾನ್ರಿ" ಎಂದು ಕೈಮುಗಿಯುತ್ತಿದ್ದಳು. ಡಾಕ್ಟರು ಎಲ್ಲರನ್ನೂ ಸರಿಸಿ, ಮಾಳಿಯನ್ನು ಅಪ್ಪನ ಹೆಗಲಿಂದ ಇಳಿಸಿ ಅಂಗಾತ ಮಲಗಿಸಿ, ಕಾಲಿನ ಕೆಳಗೆ ದಿಂಬು ಕೊಟ್ಟರು.

"ಹುತ್ತಿನ ಹಂತ್ಯಾಕ ಹೋಗಿತ್ತೇನು? ಏನರ ಕಡದದ್ದು ನೋಡೀರೇನು?"

"ಇಲ್ರಿ. ಜೋಕಾಲಿ ಆಡಾಕತ್ತಿತ್ರಿ," ಎಂದ ಅಪ್ಪ.

"ಏನ ತಿಂದಿತ್ತು?"

"ಪುಟಾಣಿ ಉಂಡಿ ಅಷ್ಟರಿ. ಪುಟಾಣಿ ದಿನಾ ತಿಂತೈತ್ರಿ."

ಆಗ ನನ್ನೊಳಗಿಂದ ಯಾರೋ ಕೂಗಿದಂತಾಯಿತು. ಅದು ನನ್ನದೇ ದನಿ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಅದರಾಗ ಶೇಂಗಾ ಇತ್ರಿ! ನಾನ ಹಾಕಿದ್ದೆ. ಶೇಂಗಾ ತಿಂದ್ರ ಅಕಿಗೆ ಗಂಟಲಾಗ ಇರಿವಿ ಹರದಾಡ್ತಾವ್ರಿ. ಮೊದಲೂ ತುಟಿ ಬಾತಿದ್ವು."

ಡಾಕ್ಟರು ಒಂದು ಸಲ ನನ್ನ ಕಡೆ ನೋಡಿದರು. "ಸಾಕು," ಎಂದರು. ಸಣ್ಣ ಸೀಸೆಯ ತಲೆ ಮುರಿದು, ಸೂಜಿಗೆ ಎಳೆದು, ಮಾಳಿಯ ತೊಡೆಯ ಹೊರಬದಿಗೆ ಚುಚ್ಚಿದರು. ಆಮೇಲಿನ ಹೊತ್ತು ಎಷ್ಟೆಂದು ನನಗೆ ಗೊತ್ತಿಲ್ಲ. ಗೋಡೆಯ ಗಡಿಯಾರ ನೋಡಲು ನನಗೆ ಧೈರ್ಯವಿರಲಿಲ್ಲ. ಬೀರಪ್ಪಾ, ನನ್ನ ಪಾಲಿನ ತುಪ್ಪವೆಲ್ಲ ಅವಳಿಗೇ ಕೊಡುತ್ತೇನೆ ಎಂದು ಹರಕೆ ಹೊತ್ತೆ. ಡಾಕ್ಟರು ನಾಡಿ ಹಿಡಿದೇ ಇದ್ದರು, ಇನ್ನೊಂದು ಸಲ ಚುಚ್ಚಿದರು. ಸಿಳ್ಳೆಯ ಸದ್ದು ಇಳಿಯಿತು, ತುಟಿಗೆ ಬಣ್ಣ ಬಂತು. ಮಾಳಿ ಕಣ್ಣು ತೆರೆದು ಅತ್ತಳು. ಅಷ್ಟು ಚಂದದ ಅಳು ನಾನು ಮತ್ತೆ ಕೇಳಿಲ್ಲ.

"ಇದು ಹಾವೂ ಅಲ್ಲ, ಪಿತ್ತಾನೂ ಅಲ್ಲ," ಎಂದು ಡಾಕ್ಟರು ಅಪ್ಪನನ್ನೂ ಅವ್ವನನ್ನೂ ಆಯಿಯನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. "ಈ ಕೂಸಿನ ಮೈಗೆ ಶೇಂಗಾ ಆಗಿಬರಂಗಿಲ್ಲ. ಬರೇ ಗಂದಿ ಎದ್ರ ಬ್ಯಾರೆ ಮಾತು. ಧ್ವನಿ ಬದಲಾತು, ಉಸುರಿಗೆ ತ್ರಾಸಾತು, ಕಾರಿಕೊಂತು, ಮೆತ್ತಗಾತು ಅಂದ್ರ ಕಂಬಳಿ ಹುಡುಕಬ್ಯಾಡ್ರಿ, ಗಾಡಿ ಹುಡುಕ್ರಿ. ಹೆಗಲ ಮ್ಯಾಲ ಹಾಕ್ಕೊಂಡ ಓಡಬ್ಯಾಡ್ರಿ, ಮಲಗಿಸ್ಕೊಂಡ ಬರ್ರಿ. ಉಸುರಾಡಾಕ ತ್ರಾಸಿದ್ರ ಕೂಡ್ರಿಸ್ಕೊಂಡ ಬರ್ರಿ. ಈಗ ಇಳದೈತಿ ಅಂತ ಮನಿಗೆ ಒಯ್ಯಬ್ಯಾಡ್ರಿ, ಹೊಳ್ಳಿ ಬರಬಹುದು. ನಾಳೆ ಮುಂಜಾನಿ ತನಕಾ ಇಲ್ಲೇ ಇರ್ರಿ."

ಆಯಿ ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂತಳು. ಹೊಡೆತಕ್ಕೆ ಸಿದ್ಧಳಾಗಿ ನಾನೂ ಹೋಗಿ ಪಕ್ಕ ನಿಂತೆ. ಹೊತ್ತು ಇಳಿಯುತ್ತಿತ್ತು. ಅವಳು ಮಡಿಲಲ್ಲಿಟ್ಟುಕೊಂಡಿದ್ದ ಕಂಬಳಿಯ ಅಂಚನ್ನು ಬೆರಳಿನಿಂದ ಎಳೆಯುತ್ತಿದ್ದಳು.

"ನನ್ನ ಗಂಗವ್ವನೂ ಹಿಂಗ ಅಂತಿತ್ತು," ಎಂದಳು. "ಇರಿವಿ, ಯವ್ವಾ ಇರಿವಿ, ಅಂತ. ನಿಮ್ಮಪ್ಪಗಿಂತ ಮೊದಲಿನ ಕೂಸು. ಪಿತ್ತ ಎದ್ದೈತಿ ಅಂತ ಗಟ್ಯಾಗಿ ಸುತ್ತಿ ಮಲಗಿಸಿದೆ. ನಿದ್ದಿ ಹತ್ತೇತಿ ಅಂತ ತಿಳಕೊಂಡೆ ನಾ. ಒಲಿ ಮುಂದ ರೊಟ್ಟಿ ಬಡಕೋತ ಕುಂತೆ."

ಪ್ರತಿ ಪಂಚಮಿಗೆ ಕೊನೆಯ ಹನಿ ಯಾರಿಗೆ ಬೀಳುತ್ತಿತ್ತು ಎಂದು ಆಗ ಗೊತ್ತಾಯಿತು. ಆಯಿ ನನ್ನ ಗದ್ದ ಹಿಡಿದು ಎತ್ತಿದಳು.

"ಖರೆ ಹೇಳು. ಬೇಕಂತ ಹಾಕಿದ್ದೇನು?"

ಹೌದೆಂದು ತಲೆ ಆಡಿಸಿದೆ. ಅಳು ಉಕ್ಕಿ ಬಂತು. ಹೊಡೆಯಲಿಲ್ಲ ಅವಳು. ಹೊಡೆದಿದ್ದರೆ ಚೆನ್ನಾಗಿತ್ತು.

"ಬೇಕಂತ ಹಾಕಿದ್ದು ನಿಮ್ಮಪ್ಪ ಅವ್ವಗ ನಾ ಹೇಳಂಗಿಲ್ಲ. ಹೊತ್ತಿಗೆ ಬಾಯಿ ಬಿಟ್ಟಿ, ಕೂಸು ಉಳೀತು. ಆದ್ರ ಮಾಳಿಗೆ ಮಾತ್ರ ನೀನ ಹೇಳಬೇಕು. ಅಕಿಗೆ ತಿಳುವಳಿಕಿ ಬಂದ ಮ್ಯಾಲ. ಹೇಳ್ತಿ?"

"ಹೇಳ್ತೇನಿ," ಎಂದೆ.

ಮನೆಗೆ ಬಂದ ದಿನವೇ ಆಯಿ ಶೇಂಗಾ ಚೀಲವನ್ನು ಹೊರಗೆ ಹಾಕಿಸಿದಳು. ಒರಳನ್ನು ಸೀಗೆಪುಡಿಯಿಂದ ಮೂರು ಸಲ ತಿಕ್ಕಿ ಬಿಸಿನೀರು ಸುರಿದಳು. ನಾಲ್ಕೂರಿಗೆ ಹೆಸರಾದ ಹಿಂಡಿ ಆ ದಿನಕ್ಕೆ ನಿಂತಿತು, ಅವಳು ಸಾಯುವ ತನಕ ಮತ್ತೆ ಕುಟ್ಟಲಿಲ್ಲ. ಗುರೆಳ್ಳು ಹಿಂಡಿ, ಅಗಸಿ ಹಿಂಡಿಗಳಲ್ಲಿ ಹೊಸದಾಗಿ ಕೈ ಕುದುರಿಸಿಕೊಂಡಳು. ಮೊದಮೊದಲು ಅವು ಕಹಿಯಾಗಿ, ಅವ್ವ ಬಾಯಿ ಮುಚ್ಚಿಕೊಂಡು ನಗುತ್ತಿದ್ದದ್ದು ನೆನಪಿದೆ. ಊರಿನವರಂತೂ "ಶೇಂಗಾ ಇಲ್ಲದ ಮನಿಯವರು" ಎಂದು ನಮ್ಮನ್ನು ಕರೆದರು, ಕುರಿ ಇಲ್ಲದ ಕುರುಬ ಎಂದ ಹಾಗೆ. ಆಯಿ ಮಾಳಿಯನ್ನು ಕಂಕುಳಲ್ಲಿ ಎತ್ತಿಕೊಂಡು ಮನೆ ಮನೆಗೆ ಹೋಗಿ, ಇವಳಿಗೆ ಏನು ಕೊಡಬಾರದು ಎಂದು ಹೇಳಿ ಬಂದಳು. ಜಗಳ ಮಾಡಿ ಹೇಳಿದಳು, ಕಾಲು ಹಿಡಿದು ಹೇಳಿದಳು. ನಾನು ಅವಳ ಸೀರೆ ಹಿಡಿದು ಹಿಂದೆಯೇ ತಿರುಗಿದೆ. ನನ್ನ ಚಟ ಹತ್ತಿದ್ದು ಆ ತಿರುಗಾಟದಲ್ಲಿ. ಕಂಬಳಿ ಮಾತ್ರ ಗೂಟದ ಮೇಲೆಯೇ ಇತ್ತು, ಚಳಿಗೆ ಹೊದೆಯಲು.

ಮಾಳಿ ಈಗ ಬಾದಾಮಿಯಲ್ಲಿದ್ದಾಳೆ, ಸರಕಾರಿ ಶಾಲೆಯ ಟೀಚರು. ಚೀಲದಲ್ಲಿ ಒಂದು ಡಬ್ಬಿ ಇಟ್ಟುಕೊಂಡೇ ಓಡಾಡುತ್ತಾಳೆ. ಅದರಲ್ಲಿ ಅದೇ ಔಷಧಿಯ ಸೀಸೆ, ಸಿರಿಂಜು. ಚುಚ್ಚುವುದನ್ನು ಡಾಕ್ಟರು ಅವಳಿಗೂ ಅವಳ ಗಂಡನಿಗೂ ಕಲಿಸಿದ್ದಾರೆ, ನಾನೂ ಹಟ ಹಿಡಿದು ಕಲಿತಿದ್ದೇನೆ. ಹೊರಗೆ ಏನೇ ತಿನ್ನುವ ಮುಂಚೆ ನೂರು ಪ್ರಶ್ನೆ ಕೇಳುತ್ತಾಳೆ, ಮೂಸಿ ನೋಡುತ್ತಾಳೆ, ಅನುಮಾನ ಬಂದರೆ ಮುಟ್ಟುವುದಿಲ್ಲ. ಸ್ವಂತ ಅತ್ತೆ ಕೊಟ್ಟರೂ ಅಷ್ಟೇ. ಆದರೆ ನಾನು ಕೊಟ್ಟದ್ದನ್ನು ಮಾತ್ರ ಕೇಳದೇ ಬಾಯಿಗೆ ಹಾಕಿಕೊಳ್ಳುತ್ತಾಳೆ. ಪ್ರತಿ ಸಲ ಅವಳು ಹಾಗೆ ತಿನ್ನುವಾಗ ನನಗೆ ಆ ಒಣದ್ರಾಕ್ಷಿ ನೆನಪಾಗುತ್ತಿತ್ತು. ಆಯಿಗೆ ಕೊಟ್ಟ ಮಾತು ಹಾಗೇ ಉಳಿದಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಕೂದಲು ಬೆಳ್ಳಗಾದವು.

ಈ ವರ್ಷದ ಪಂಚಮಿಗೆ ಇಬ್ಬರೂ ತವರಿಗೆ ಬಂದಿದ್ದೆವು. ಮನೆ ಈಗ ಮಾಳಿಯ ನಂತರ ಹುಟ್ಟಿದ ನಮ್ಮ ತಮ್ಮನದು, ಅವನ ಮಕ್ಕಳ ಗದ್ದಲದಿಂದ ತುಂಬಿದೆ. ಹಾಲೆರೆಯುವಾಗ ಈಗ ಅವ್ವನ ಮುಂದಾಳುತನ. ಆಯಿಯ ಪಾಲು ಎಂದಳು, ಗಂಗವ್ವನ ಪಾಲು ಎಂದಳು. ನನಗೆ ತಡೆಯಲಾಗಲಿಲ್ಲ. ಒಂದು ಕೈಯಲ್ಲಿ ಉಂಡಿಯ ಬಟ್ಟಲು, ಇನ್ನೊಂದರಲ್ಲಿ ಮಾಳಿಯ ಕೈ ಹಿಡಿದು ಬೇವಿನ ಮರದ ಹಿಂದೆ ಎಳೆದುಕೊಂಡು ಹೋಗಿ ಎಲ್ಲ ಹೇಳಿಬಿಟ್ಟೆ. ತುಪ್ಪ, ಹೊಟ್ಟೆಕಿಚ್ಚು, ಒಡೆದು ಕಟ್ಟಿದ ಉಂಡಿ, ದ್ರಾಕ್ಷಿ. ಹೇಳಿ ಮುಗಿಸಿ ಅವಳ ಮುಖ ನೋಡುವ ಧೈರ್ಯ ಸಾಲದೆ ನೆಲ ನೋಡುತ್ತ ನಿಂತೆ.

"ಗೊತ್ತೈತಿ ಬಿಡಕ್ಕ," ಎಂದಳು. "ಬಾಯಾಗ ಇಟ್ಟ ಕೂಡ್ಲೆ ಗೊತ್ತಾಗಿತ್ತು. ಉಗುಳಬೇಕಂದೆ. ಉಗುಳಿದ್ರ ನೀ ಜೀಕಸ್ತಿದ್ದೇನು?"

ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಅವಳು ನಗುತ್ತ, ನನ್ನ ಕೈಯಲ್ಲಿದ್ದ ಬಟ್ಟಲಿನಿಂದ ಒಂದು ಪುಟಾಣಿ ಉಂಡಿ ಎತ್ತಿ ಇಡಿಯಾಗಿ ಬಾಯಿಗೆ ಹಾಕಿಕೊಂಡಳು. ನಾನೇ ಗಾಬರಿಯಾಗಿ ಹೇಳತೊಡಗಿದೆ, ಇದರೊಳಗೆ ಪುಟಾಣಿ, ಬೆಲ್ಲ, ತುಪ್ಪ, ಏಲಕ್ಕಿ ಅಷ್ಟೇ, ಬೇರೆ ಏನೂ ಇಲ್ಲ, ನಾನೇ ಕಟ್ಟಿದ್ದು, ಬುಟ್ಟಿಯೂ ಬೇರೆ ಎಂದು.

ತುಂಬಿದ ಬಾಯಲ್ಲೇ ಅವಳು ಅಂದಳು,

"ನಾ ಕೇಳಿದ್ನೇನು?"